ಅಂಗಳಕ್ಕೆ ಯಾವ ಗಡ್ಡೆ, ಚಟ್ಟಿಗೆ ಯಾವ ಗಡ್ಡೆ? ಕರಾವಳಿಯ ಹೂಗಡ್ಡೆಗಳ ಲೆಕ್ಕಾಚಾರ

ಮೊದಲೇ ಹೇಳಿಬಿಡುತ್ತೇನೆ, ಟ್ಯುಲಿಪ್ ಬೇಡ. ನಾನೂ ಒಮ್ಮೆ ತರಿಸಿ ನೋಡಿದ್ದೇನೆ ಮಾರಾಯ್ರೆ. ಹತ್ತು ಗಡ್ಡೆ. ಅದಕ್ಕೆ ತಂಪು ಬೇಕು ಅಂತ ಓದಿ ಫ್ರಿಜ್‌ನ ತರಕಾರಿ ಟ್ರೇಯಲ್ಲಿ ಇಟ್ಟೆ, ಪಕ್ಕದಲ್ಲೇ ಬಾಳೆಹಣ್ಣು, ಚಿಕ್ಕು ಎಲ್ಲ ಇತ್ತು. ಒಂದು ದಿನ ಅಡುಗೆಮನೆಗೆ ಹೋದರೆ ಅಮ್ಮ ಅದರಲ್ಲಿ ಎರಡನ್ನು ಮಣೆ ಮೇಲಿಟ್ಟು ಸಿಪ್ಪೆ ಸುಲಿಯುತ್ತಿದ್ದಾರೆ. "ಇದೆಂತ ನೀರುಳ್ಳಿ, ವಾಸನೆಯೇ ಇಲ್ಲ?" ಅಂತ ನನ್ನನ್ನೇ ಕೇಳಿದರು. ಪುಣ್ಯಕ್ಕೆ ಸಾಂಬಾರಿಗೆ ಬೀಳುವ ಮೊದಲು ನೋಡಿದೆ, ಟ್ಯುಲಿಪ್ ಗಡ್ಡೆ ತಿಂದರೆ ಹೊಟ್ಟೆ ಕೆಡುತ್ತದೆ. ಉಳಿದ ಎಂಟನ್ನು ಜನವರಿಯಲ್ಲಿ ನೆಟ್ಟೆ. ಎಲೆ ಬಂತು. ಮೊಗ್ಗು ಎಲೆಯ ನಡುವೆ ಕಾಳುಮೆಣಸಿನಷ್ಟು ಕಂಡು, ಅಲ್ಲೇ ಒಣಗಿತು.

ಯಾಕೆ ಅಂದರೆ, ಟ್ಯುಲಿಪ್‌ಗೆ ಸುಮಾರು 12ರಿಂದ 16 ವಾರ ಬಿಡದೆ ತಂಪು ಸಿಗಬೇಕು, ಅದೂ 9 ಡಿಗ್ರಿಗಿಂತ ಕೆಳಗೆ. ಇಲ್ಲದಿದ್ದರೆ ದಂಟು ಉದ್ದ ಆಗುವುದೇ ಇಲ್ಲ. ಶ್ರೀನಗರದಲ್ಲಿ ದಾಲ್ ಸರೋವರದ ಹತ್ತಿರ ಇರುವ ಟ್ಯುಲಿಪ್ ತೋಟದಲ್ಲಿ ಆ ಕೆಲಸವನ್ನು ಅಲ್ಲಿನ ಚಳಿಗಾಲವೇ ಮಾಡುತ್ತದೆ, ಹಾಗಾಗಿ ಮಾರ್ಚ್ ಕೊನೆಗೆ, ಏಪ್ರಿಲ್‌ಗೆ ಹೂ. ನಮ್ಮಲ್ಲಿ ಜನವರಿಯ ಬೆಳಗಿನ ಜಾವಕ್ಕೂ 20 ಡಿಗ್ರಿ ಆಸುಪಾಸು. ಫ್ರಿಜ್‌ನಲ್ಲಿ ಇಟ್ಟರೂ ಹಣ್ಣಿನ ಜೊತೆ ಇಡಬಾರದು, ಹಣ್ಣು ಬಿಡುವ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸಾಯುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು. ಡ್ಯಾಫೊಡಿಲ್, ಹಯಸಿಂತ್ ಕತೆಯೂ ಹೆಚ್ಚುಕಡಿಮೆ ಇದೇ. ಹಯಸಿಂತ್ ಆದರೆ, ಮೊದಲೇ ತಂಪು ಮಾಡಿ ಮಾರುವ ಗಡ್ಡೆ ಸಿಕ್ಕಿದರೆ, ಗಾಜಿನ ಗ್ಲಾಸಿನಲ್ಲಿ ನೀರಿಟ್ಟು ಒಮ್ಮೆ ಹೂ ನೋಡಬಹುದು. ಒಮ್ಮೆ ಮಾತ್ರ. ಆಮೇಲೆ ಗೊಬ್ಬರದ ಗುಂಡಿಗೆ.

ಹಾಗಾದರೆ ನಮಗೆ ವಸಂತದ ಗಡ್ಡೆಗಳೇ ಇಲ್ವಾ? ಉಂಟು, ಬೇಕಾದಷ್ಟು ಉಂಟು. ಆದರೆ ಲೆಕ್ಕ ಬೇರೆ. ಚಳಿದೇಶದವರು "ಈ ಗಡ್ಡೆ ಎಷ್ಟು ಚಳಿ ತಡೆಯುತ್ತದೆ" ಅಂತ ಕೇಳುತ್ತಾರೆ. ನಾವು ಕೇಳಬೇಕಾದ್ದು ಒಂದೇ, ಈ ಗಡ್ಡೆ ಆಟಿ ತಿಂಗಳ (ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ) ನೀರು ತಡೆಯುತ್ತದೋ ಇಲ್ಲವೋ. ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿ.ಮೀ. ಆಸುಪಾಸು. ಏಪ್ರಿಲ್‌ನಲ್ಲಿ ಚಂದ ಹೂ ಬಿಟ್ಟ ಗಡ್ಡೆ ಆಗಸ್ಟ್‌ನಲ್ಲಿ ಮಣ್ಣೊಳಗೆ ಕೊಳೆತು ಹೋಗಿರುತ್ತದೆ, ನಮಗೆ ಗೊತ್ತಾಗುವುದು ಮುಂದಿನ ಏಪ್ರಿಲ್‌ನಲ್ಲಿ, ಏನೂ ಬರದೇ ಇದ್ದಾಗ.

ನನ್ನ ಮನೆ ಉಡುಪಿ ಹತ್ತಿರ, ಕೆಂಪುಕಲ್ಲಿನ ಕಾಂಪೌಂಡು, ಅಂಗಳ, ಬಾವಿ ಎಲ್ಲ ಉಂಟು. ಅಕ್ಕನದ್ದು ಮಂಗಳೂರಿನ ಬಿಜೈಯಲ್ಲಿ ನಾಲ್ಕನೇ ಮಹಡಿ, ಅವಳಿಗೆ ಬಾಲ್ಕನಿ ಮಾತ್ರ. ಏನು ಗಡ್ಡೆ ತಂದರೂ ಅರ್ಧ ನನಗೆ ಅರ್ಧ ಅವಳಿಗೆ. ಹಾಗಾಗಿ ಒಂದೇ ಗಡ್ಡೆ ನೆಲದಲ್ಲಿ ಹೇಗೆ, ಚಟ್ಟಿಯಲ್ಲಿ (ಕುಂಡದಲ್ಲಿ) ಹೇಗೆ ಅಂತ ವರ್ಷಗಟ್ಟಲೆ ನೋಡಿ, ಜಗಳ ಮಾಡಿ ಬರೆಯುತ್ತಿದ್ದೇನೆ.

ಮೇ ಫ್ಲವರ್: ನೆಲಕ್ಕೇ ವಾಸಿ

ಫುಟ್‌ಬಾಲ್ ಲಿಲ್ಲಿ, ಮೇ ಫ್ಲವರ್, ಎರಡೂ ಒಂದೇ. ಹಳೆ ಮನೆಗಳ ಅಂಗಳದ ಬದಿಯಲ್ಲಿ ಕೆಂಪು ಚೆಂಡಿನ ಹಾಗೆ ಅರಳುತ್ತದಲ್ವಾ, ಅದು. ಮೂಲ ಆಫ್ರಿಕಾದ್ದು. ಆದರೆ ಇಲ್ಲಿಯ ಮಳೆಗೆ ಎಷ್ಟು ಹೊಂದಿಕೊಂಡಿದೆ ಅಂದರೆ ಯಾರಿಗೂ ಅದು ಹೊರಗಿನದ್ದು ಅಂತ ಅನ್ನಿಸುವುದಿಲ್ಲ. ನವೆಂಬರ್, ಡಿಸೆಂಬರ್‌ಗೆ ಎಲೆ ಹಳದಿಯಾಗಿ ಬೀಳುತ್ತದೆ, ನಾಲ್ಕೈದು ತಿಂಗಳು ಮಣ್ಣಲ್ಲಿ ಏನೂ ಕಾಣುವುದಿಲ್ಲ. ಬಿಸು (ಏಪ್ರಿಲ್ ನಡುವೆ ಬರುವ ತುಳುವರ ಹೊಸವರ್ಷ) ಕಳೆದು ಒಂದೆರಡು ಬೇಸಿಗೆ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಮಣ್ಣು ಬಿರಿದಿರುತ್ತದೆ, ನಡುವಿಂದ ಚುಕ್ಕೆ ಚುಕ್ಕೆ ಇರುವ ದಪ್ಪ ದಂಟು, ತುದಿಯಲ್ಲಿ ಮುಚ್ಚಿದ ಕೆಂಪು ಮೊಗ್ಗಿನ ಕಟ್ಟು. ಮೊದಲು ಬಣ್ಣ ಬಳಿಯುವ ಬ್ರಶ್ಶಿನ ಹಾಗೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಬಿಚ್ಚಿ ಪೂರ್ತಿ ಚೆಂಡು. ಹತ್ತಿರ ಹೋಗಿ ನೋಡಿದರೆ ಅದು ಒಂದು ಹೂವಲ್ಲ, ನೂರಾರು ಸಣ್ಣ ಹೂಗಳು, ಪ್ರತಿಯೊಂದರಿಂದ ಕೆಂಪು ಕೇಸರ ಹೊರಗೆ ಚಾಚಿ ತುದಿಯಲ್ಲಿ ಹಳದಿ ಪರಾಗ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಇರುತ್ತದೆ. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮುಗಿಯುತ್ತಾ ಬರುತ್ತದೆ. ಆಮೇಲೆ ಮಳೆಗಾಲ ಪೂರ್ತಿ ಹಸಿರು ಎಲೆ, ಅದೂ ಚಂದವೇ.

ಅಂಗಳದಲ್ಲಿ ಅರ್ಧ ನೆರಳಿರುವ ಕಡೆ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವ ಹಾಗೆ ನೆಡಿ, ಆಮೇಲೆ ಅದನ್ನು ಮುಟ್ಟಬೇಡಿ. ಕಿತ್ತು ಜಾಗ ಬದಲಿಸಿದರೆ ಸಿಟ್ಟು ಮಾಡಿಕೊಂಡು ಒಂದು ವರ್ಷ ಹೂ ಬಿಡುವುದಿಲ್ಲ. ಒಂದೇ ಅಪಾಯ, ಬೇಸಿಗೆಯಲ್ಲಿ ಅದು ಕಾಣುವುದಿಲ್ಲ. ನಮ್ಮಲ್ಲಿ ಒಂದು ಮಾರ್ಚ್‌ನಲ್ಲಿ ಹುಲ್ಲು ಕೆತ್ತಲು ಬಂದವರು ಹಾರೆ ಹಾಕಿ ನನ್ನ ದೊಡ್ಡ ಗಡ್ಡೆಯನ್ನು ಸರಿಯಾಗಿ ಎರಡು ಭಾಗ ಮಾಡಿದರು. ತಪ್ಪು ಅವರದ್ದಲ್ಲ, ಗುರುತು ಇಡದ ನನ್ನದು. ಈಗ ಪ್ರತಿ ಗಡ್ಡೆಯ ಪಕ್ಕ ಒಂದು ಕೆಂಪುಕಲ್ಲಿನ ತುಂಡು ಇಟ್ಟಿದ್ದೇನೆ.

ಚಟ್ಟಿಯಲ್ಲೂ ಬರುತ್ತದೆ, ಅಕ್ಕನ ಬಾಲ್ಕನಿಯಲ್ಲಿ ಎರಡು ಉಂಟು. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಬರೀ ಮಣ್ಣಿನ ಚಟ್ಟಿ ಇಟ್ಟುಕೊಳ್ಳಲು ಜಾಗ ಇರಬೇಕಲ್ಲ. ಭಾವನಿಗೆ ಅದು ಇಷ್ಟ ಇಲ್ಲ. "ಇದಕ್ಕೆ ಯಾಕೆ ನೀರು ಹಾಕುತ್ತೀ?" ಅಂತ ಕೇಳುತ್ತಾರಂತೆ. ಹಾಕಬಾರದು ಕೂಡ. ಎಲೆ ಒಣಗಿದ ಮೇಲೆ ಚಟ್ಟಿ ಒಣ ಇರಲಿ.

ರೈನ್ ಲಿಲ್ಲಿ: ಇಲ್ಲಿ ಬಾಲ್ಕನಿಯದ್ದೇ ಮೇಲುಗೈ

ಇದನ್ನು ನೆಲದಲ್ಲೂ ಬೆಳೆಸಬಹುದು, ಸಾಯಿಸುವುದು ಕಷ್ಟ. ಆದರೆ ಅಕ್ಕನ ಚಟ್ಟಿಯಲ್ಲಿ ನನಗಿಂತ ಜಾಸ್ತಿ ಹೂ. ಈ ಗಡ್ಡೆಗೆ ಬೇಕಾದ್ದು ಒಣಗುವುದು, ನೆನೆಯುವುದು, ಮತ್ತೆ ಒಣಗುವುದು. ಕೆಲವು ದಿನ ಒಣಗಿ ಆಮೇಲೆ ಜೋರು ಮಳೆ ಬಂದರೆ ನಾಲ್ಕೈದು ದಿನದಲ್ಲಿ ಒಟ್ಟಿಗೇ ಅರಳುತ್ತದೆ. ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವ ಮಾತೇ ಇಲ್ಲ, ಹಾಗಾಗಿ ಮೇ, ಜೂನ್‌ನಲ್ಲಿ ಒಂದು ಸಲ ಭರ್ಜರಿಯಾಗಿ ಬಂದು ಆಮೇಲೆ ಬರೀ ಎಲೆ. ಬಾಲ್ಕನಿಯಲ್ಲಿ ಮಳೆ ಬರಿಸುವುದು ನಮ್ಮ ಕೈಯಲ್ಲೇ ಉಂಟು. ಅಕ್ಕ ಮಾರ್ಚ್‌ನಲ್ಲಿ ಹದಿನೈದು ದಿನ ನೀರು ನಿಲ್ಲಿಸಿ, ಒಂದು ಸಂಜೆ ಚಟ್ಟಿಯನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುತ್ತಾಳೆ. ಐದನೇ ದಿನ ನನಗೆ ಫೋಟೊ ಬರುತ್ತದೆ.

ಗುಲಾಬಿ, ಬಿಳಿ, ಹಳದಿ ಮೂರು ಬಣ್ಣ ಸುಲಭವಾಗಿ ಸಿಗುತ್ತದೆ. ದಪ್ಪ ದಪ್ಪ ಹುಲ್ಲಿನ ಹಾಗೆ ಎಲೆ ಇರುವ ಬಿಳಿಯದ್ದು ಜೌಗು ಜಾಗಕ್ಕೂ ಹೆದರುವುದಿಲ್ಲ, ಅದು ಮಳೆ ಕಡಿಮೆಯಾಗುವಾಗ ಅರಳುತ್ತದೆ. ನೆಲಕ್ಕೆ ನೆಡುವುದಿದ್ದರೆ ಅದನ್ನೇ ನೆಡಿ, ದಾರಿಯ ಎರಡೂ ಬದಿಗೆ ಸಾಲಾಗಿ. ಗುಲಾಬಿ ಚಟ್ಟಿಗೆ. ಎಂಟು ಇಂಚಿನ ಚಟ್ಟಿಗೆ ಹತ್ತು ಹನ್ನೆರಡು ಗಡ್ಡೆ ತುಂಬಿಸಿ, ಇಕ್ಕಟ್ಟಾದಷ್ಟು ಇದಕ್ಕೆ ಖುಷಿ. ಹೂ ಇರುವುದು ಒಂದೆರಡು ದಿನ. ಅದಕ್ಕೇ ಜಾಸ್ತಿ ಗಡ್ಡೆ ಬೇಕು, ಎರಡು ಮೂರು ನೆಟ್ಟರೆ ಏನೂ ಅನ್ನಿಸುವುದಿಲ್ಲ.

ಅಮರಿಲ್ಲಿಸ್: ಹಳೆಯದ್ದು ನೆಲಕ್ಕೆ, ಹೊಸದು ಚಟ್ಟಿಗೆ

ನಾನು ಜಾಸ್ತಿ ದುಡ್ಡು ಕಳೆದುಕೊಂಡದ್ದು ಇದರಲ್ಲಿ. ಹೆಸರು ಅಮರಿಲ್ಲಿಸ್ ಅಂತ ಹೇಳುವುದಾದರೂ ನಾವು ಬೆಳೆಸುವುದು ದಕ್ಷಿಣ ಅಮೆರಿಕ ಮೂಲದ ಹಿಪ್ಪಿಯಾಸ್ಟ್ರಮ್. ಇದರಲ್ಲಿ ಎರಡು ಜಾತಿ ಅಂತ ಇಟ್ಟುಕೊಳ್ಳಿ. ಒಂದು, ಹಳೆ ಮನೆಗಳಲ್ಲಿ ಇರುವ ಕೆಂಪು ಹೂ, ದಳದ ನಡುವೆ ಬಿಳಿ ಗೀಟು. ಇನ್ನೊಂದು, ಹಾಲೆಂಡಿನಿಂದ ಬರುವ ದೊಡ್ಡ ದೊಡ್ಡ ಹೈಬ್ರಿಡ್, ಕೆಲವು ಎರಡು ಮೂರು ಸುತ್ತು ದಳ ಇರುವಂಥದ್ದು.

ಒಂದು ವರ್ಷ ಆರು ಹೈಬ್ರಿಡ್ ಗಡ್ಡೆ ತಂದು ಮೂರು ನಾನು ನೆಟ್ಟೆ, ಮೂರು ಅಕ್ಕ. ನಾನು ನೆಟ್ಟದ್ದು ಮನೆಯ ಎದುರಿಗೆ ಚಂದ ಕಾಣಲಿ ಅಂತ ಮಾಡಿನ (ಸೂರಿನ) ನೀರು ಬೀಳುವ ಸಾಲಿನ ಪಕ್ಕ. ಮಾರ್ಚ್‌ನಲ್ಲಿ ಹೂ ಬಂತು, ಎಲ್ಲರೂ ಹೊಗಳಿದರು. ಆಗಸ್ಟ್‌ನಲ್ಲಿ ಎಲೆ ಯಾಕೋ ಬಾಗಿದೆ ಅಂತ ಮೆಲ್ಲ ಎಳೆದೆ, ಎಲೆ ಪೂರ್ತಿ ಕೈಗೆ ಬಂತು. ಬುಡ ಕಂದು ಬಣ್ಣ, ಲೋಳೆ, ಕೊಳೆತ ನೀರುಳ್ಳಿಯ ವಾಸನೆ. ಬೆರಳು ಹಾಕಿದರೆ ಗಡ್ಡೆ ಇದ್ದ ಜಾಗದಲ್ಲಿ ಗಂಜಿ. ಅಕ್ಕನ ಮೂರೂ ಬಾಲ್ಕನಿಯ ಒಳಬದಿಯಲ್ಲಿ, ಮಳೆ ತಾಗದ ಕಡೆ ಬದುಕಿದ್ದವು, ಮರುವರ್ಷ ಎರಡು ಹೂ ಬಿಟ್ಟವು. ಅದೇ ಅಂಗಳದಲ್ಲಿ ಬಾವಿಕಟ್ಟೆಯ ಪಕ್ಕ ಅಮ್ಮ ಯಾವಾಗಲೋ ನೆಟ್ಟ ಕೆಂಪು ಅಮರಿಲ್ಲಿಸ್‌ಗೆ ಮಾತ್ರ ಏನೂ ಆಗಿಲ್ಲ. ಅದು ಗಟ್ಟಿ ಜಾತಿ ಹೌದು, ಆದರೆ ಆ ಜಾಗ ಸ್ವಲ್ಪ ಇಳಿಜಾರು ಕೂಡ, ನೀರು ನಿಲ್ಲುವುದೇ ಇಲ್ಲ.

ಹಾಗಾಗಿ ದುಬಾರಿ ಗಡ್ಡೆ ಚಟ್ಟಿಗೆ, ಮಳೆಯಲ್ಲಿ ಸಿಟೌಟಿನ ಒಳಗೆ. ಚಟ್ಟಿ ದೊಡ್ಡದು ಬೇಡ, ಗಡ್ಡೆಯ ಸುತ್ತ ಎರಡು ಬೆರಳು ಜಾಗ ಇದ್ದರೆ ಸಾಕು. ಗಡ್ಡೆಯ ಮೇಲಿನ ಮೂರನೇ ಒಂದು ಭಾಗವಾದರೂ ಮಣ್ಣಿನ ಹೊರಗೆ ಇರಬೇಕು, ಪೂರ್ತಿ ಹೂತರೆ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುತ್ತದೆ. ಹೂ ಆದ ಮೇಲೆ ದಂಟು ಮಾತ್ರ ಕತ್ತರಿಸಿ, ಎಲೆ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಊಟ ಮಾಡಿಡುವುದು ಆ ಎಲೆಯೇ. ನವೆಂಬರ್‌ನಿಂದ ಎಂಟು ಹತ್ತು ವಾರ ನೀರು ನಿಲ್ಲಿಸಿ ಒಣಗಿಸಿದರೆ ಹೂವಿನ ದಂಟು ಬರುವ ಸಾಧ್ಯತೆ ಜಾಸ್ತಿ. ಮಳೆಯಲ್ಲಿ ಎಲೆ, ದಂಟಿನ ಮೇಲೆ ಕೆಂಪು ಮಚ್ಚೆ ಬಂದರೆ ಅದು ಶಿಲೀಂಧ್ರ, ಆ ಎಲೆ ಕತ್ತರಿಸಿ ದೂರ ಎಸೆದು ಚಟ್ಟಿಯನ್ನು ಗಾಳಿಯಾಡುವ ಕಡೆ ಇಡಿ.

ಸುಗಂಧರಾಜ: ಬಿಸಿಲಿದ್ದವರಿಗೆ ಮಾತ್ರ

ಪರಿಮಳ ಬೇಕು ಅಂದರೆ ನಮ್ಮವರು ಮೊದಲು ಹೇಳುವುದು ಮಲ್ಲಿಗೆ, ಮಲ್ಲಿಗೆಗೇ ಹೆಸರಾದ ಶಂಕರಪುರದ ಹತ್ತಿರ ಇದ್ದುಕೊಂಡು ಬೇರೆ ಹೇಳಿದರೆ ಬೈಯುತ್ತಾರೆ. ಆದರೆ ರಾತ್ರಿ ಅಂಗಳದಲ್ಲಿ ಕೂತಾಗ ಬರುವ ಸುಗಂಧರಾಜದ ಪರಿಮಳವೇ ಬೇರೆ. ಮೆಕ್ಸಿಕೋದ ಗಡ್ಡೆ ಇದು. ಒಂಟಿ ಸುತ್ತಿನದಕ್ಕೆ ಪರಿಮಳ ಜಾಸ್ತಿ, ಜೋಡಿ ಸುತ್ತಿನದು ನೋಡಲು ತುಂಬಿಕೊಂಡಿರುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ ಜೋಡಿ. ಮನೆಗೆ ಅಂದರೆ ನಾನು ಒಂಟಿಯನ್ನೇ ಹೇಳುತ್ತೇನೆ.

ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ತೆಂಗಿನ ಮರದ ಕೆಳಗೆ ನೆಟ್ಟು ಹೂ ಬರಲಿಲ್ಲ ಅಂತ ಹೇಳಬೇಡಿ. ಅಕ್ಕನ ಬಾಲ್ಕನಿ ಉತ್ತರಕ್ಕೆ, ಅವಳಿಗೆ ಬರೀ ಹುಲ್ಲು ಬಂತು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ, ಅದರ ಸುತ್ತ ಹುಟ್ಟುವ ಮರಿಗಳು ದೊಡ್ಡದಾದ ಮೇಲೆ ಬಿಡುತ್ತವೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು, ಬಿಡಿಸಿ, ದಪ್ಪದ್ದನ್ನು ಮಾತ್ರ ಮತ್ತೆ ನೆಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಏರಿಸಿದ ಮಡಿಯಲ್ಲಿ ನೆಡಿ. ತಗ್ಗಿನಲ್ಲಿ ನೆಟ್ಟರೆ ಜುಲೈ ದಾಟುವುದಿಲ್ಲ.

ಬಿಸಿಲೇ ಇಲ್ಲದವರಿಗೆ

ಕೆಲಾಡಿಯಮ್. ಹೂವಲ್ಲ, ಎಲೆಯೇ ಅದರ ಬಣ್ಣ, ಕೆಂಪು, ಗುಲಾಬಿ, ಬಿಳಿ ಚುಕ್ಕೆ. ಮಳೆ ಶುರುವಾದ ಕೂಡಲೇ ಏಳುತ್ತದೆ, ನವೆಂಬರ್‌ಗೆ ಮಲಗುತ್ತದೆ. ಕಡಿಮೆ ಬೆಳಕಿನ ಬಾಲ್ಕನಿಗೆ ಇದಕ್ಕಿಂತ ಒಳ್ಳೆಯದ್ದು ನನಗೆ ಗೊತ್ತಿಲ್ಲ. ಕೆಸುವಿನ ನೆಂಟ ಇದು, ಆದರೆ ಕೆಸುವಿನ ಎಲೆಯಲ್ಲಿ ಮಾಡುವ ಪತ್ರೊಡೆಗೆ ಆಗುವ ನೆಂಟ ಅಲ್ಲ, ತಿಂದರೆ ಬಾಯಿ ಗಂಟಲು ಉರಿದು ಬಾತುಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಮನೆಗೆ ಬಂದ ನೆಂಟರಿಗೂ ಹೇಳಿಡಿ.

ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ, ಏನೂ ಬದುಕದ ಜಾಗ ಉಂಟಲ್ವಾ, ಅಲ್ಲಿಗೆ ಸುರುಳಿ ಸುಗಂಧಿ. ಶುಂಠಿಯ ಜಾತಿ, ಸರಿಯಾಗಿ ಹೇಳಿದರೆ ಬಲ್ಬ್ ಅಲ್ಲ. ಆದರೆ ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಮಳೆಗಾಲದ ಕೊನೆಗೆ ಬಿಳಿ ಚಿಟ್ಟೆಯ ಹಾಗೆ ಹೂ. ಚಟ್ಟಿಗೆ ಬೇಡ, ಒಡೆದುಕೊಂಡು ಹೊರಗೆ ಬರುತ್ತದೆ. ಸ್ಪೈಡರ್ ಲಿಲ್ಲಿ ಸಮುದ್ರದ ಉಪ್ಪುಗಾಳಿಗೂ ಬಗ್ಗುವುದಿಲ್ಲ, ಮಲ್ಪೆ, ಪಣಂಬೂರು ಕಡೆ ಮನೆ ಇದ್ದವರು ಗೇಟಿನ ಬದಿಗೆ ಅದನ್ನೇ ನೆಡಿ. ಗ್ಲಾಡಿಯೋಲಸ್, ಡೇಲಿಯಾ ವಸಂತಕ್ಕೆ ಇಲ್ಲಿ ಬೇಡ. ಅಕ್ಟೋಬರ್‌ನಲ್ಲಿ ನೆಟ್ಟು ಜನವರಿಯಲ್ಲಿ ಹೂ ನೋಡಿ.

ಗೌರಿ ಹೂ ಅಂದರೆ ಅಗ್ನಿಶಿಖೆ. ಬೇಲಿಗೆ ಹಬ್ಬಿಸಿದರೆ ಅದರ ಕೆಂಪು ಹಳದಿ ಜ್ವಾಲೆಯ ಎದುರು ಹಾಲೆಂಡಿನ ಯಾವುದೂ ನಿಲ್ಲುವುದಿಲ್ಲ. ಆದರೆ ಅದರ ಗಡ್ಡೆ ತೀವ್ರ ವಿಷ, ಕಾಲ್ಚಿಸಿನ್ ಇರುತ್ತದೆ, ತಿಂದರೆ ಜೀವಕ್ಕೇ ಅಪಾಯ. ಸಣ್ಣ ಮಕ್ಕಳು, ಮಣ್ಣು ಕೆದಕುವ ನಾಯಿ ಇರುವ ಮನೆಗೆ ಬೇಡವೇ ಬೇಡ. ಅಮರಿಲ್ಲಿಸ್, ಮೇ ಫ್ಲವರ್, ರೈನ್ ಲಿಲ್ಲಿ ಗಡ್ಡೆಗಳೂ ತಿನ್ನುವಂಥದ್ದಲ್ಲ, ಅದು ನೆನಪಿರಲಿ.

ಮಣ್ಣು, ಚಟ್ಟಿ, ಹುಳು

ನೆಲದಲ್ಲಿ ಮಾಡುವುದಾದರೆ ಒಂದು ಸಾಲು ಕೆಂಪುಕಲ್ಲು ಇಟ್ಟು ಮಡಿಯನ್ನು ಮುಕ್ಕಾಲು ಅಡಿಯಾದರೂ ಏರಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಮಾಡಿನ ನೀರು ಬೀಳುವ ಸಾಲಿನಿಂದ ಎರಡು ಅಡಿ ದೂರ. ಮಣ್ಣು ಒಂದು ಪಾಲು, ಹೊಯಿಗೆ (ಮರಳು) ಒಂದು ಪಾಲು, ಹಳೆ ಹಟ್ಟಿಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಮನೆಯಲ್ಲಿ ಸುಡುಮಣ್ಣು (ಸೊಪ್ಪು ಕಸದ ಜೊತೆ ಸುಟ್ಟ ಮಣ್ಣು) ಮಾಡುವವರಾದರೆ ಅದಕ್ಕಿಂತ ಒಳ್ಳೆಯದ್ದು ಯಾವುದೂ ಇಲ್ಲ, ಸಡಿಲ ಇರುತ್ತದೆ, ಹುಳು ಮೊಟ್ಟೆ, ಕಳೆ ಬೀಜ ಎಲ್ಲ ಸುಟ್ಟು ಹೋಗಿರುತ್ತದೆ. ಹೊಯಿಗೆ ಹೊಳೆಯದ್ದೇ ಆಗಬೇಕು, ಸಮುದ್ರದ್ದು ಉಪ್ಪು. ಹಸಿ ಸೆಗಣಿ ಗಡ್ಡೆಗೆ ತಾಗಬಾರದು. ಕೋಕೋಪೀಟ್ ಬಾಲ್ಕನಿಗೆ ಹಗುರ ಅಂತ ಸರಿ, ಆದರೆ ಮಳೆಗಾಲದಲ್ಲಿ ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ, ಕಾಲು ಪಾಲಿಗಿಂತ ಜಾಸ್ತಿ ಬೇಡ.

ಮಣ್ಣಿನ ಚಟ್ಟಿಯೋ ಪ್ಲಾಸ್ಟಿಕ್ಕೋ? ನಮ್ಮ ಹವೆಗೆ ಮಣ್ಣಿನದ್ದು, ಬದಿಯಿಂದಲೂ ಒಣಗುತ್ತದೆ. ಪ್ಲಾಸ್ಟಿಕ್ ಇದ್ದರೆ ತೂತು ಜಾಸ್ತಿ ಮಾಡಿ. ತೂತಿನ ಮೇಲೆ ಒಡೆದ ಹಂಚಿನ ಒಂದು ತುಂಡು ಸಾಕು, ಅರ್ಧ ಚಟ್ಟಿ ಜಲ್ಲಿ ತುಂಬಿಸಿದರೆ ನೀರು ಬೇಗ ಇಳಿಯುತ್ತದೆ ಅನ್ನುವುದು ಸುಳ್ಳು. ಜಲ್ಲಿಯ ಮೇಲಿನ ಮಣ್ಣಿನಲ್ಲಿ ನೀರು ಹಾಗೇ ನಿಂತಿರುತ್ತದೆ, ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೇ. ಜೂನ್ ಬಂದಾಗ ಚಟ್ಟಿಯ ಕೆಳಗಿನ ತಟ್ಟೆ ತೆಗೆದಿಡಿ. ಸೊಳ್ಳೆಗೂ ಒಳ್ಳೆಯದು.

ಲಿಲ್ಲಿ ಜಾತಿಯ ಎಲೆ ಬೆಳಿಗ್ಗೆ ಎದ್ದು ನೋಡುವಾಗ ಕಾಗದದ ಹಾಗೆ ತೆಳ್ಳಗೆ, ಒಳಗೆ ಖಾಲಿ ಆಗಿದ್ದರೆ, ಕಪ್ಪು ಮೈ ಮೇಲೆ ಬಿಳಿ ಹಳದಿ ಚುಕ್ಕೆ ಇರುವ ಹುಳ ಬುಡದಲ್ಲಿ ಗುಂಪಾಗಿ ಕೂತಿರುತ್ತದೆ. ಎರಡು ರಾತ್ರಿಯಲ್ಲಿ ಒಂದು ಚಟ್ಟಿ ಖಾಲಿ ಮಾಡುತ್ತದೆ. ಟಾರ್ಚ್ ಹಿಡಿದು ಹೆಕ್ಕಿ ಸೋಪಿನ ನೀರಿಗೆ ಹಾಕಿ, ಆಮೇಲೆ ಬೇವಿನೆಣ್ಣೆ ಸಿಂಪಡಿಸಿ. ಬಸವನಹುಳುವಿಗೂ ಟಾರ್ಚೇ ಮದ್ದು. ಉಪ್ಪು ಸುರಿಯಬೇಡಿ, ಮಣ್ಣು ಹಾಳಾಗುತ್ತದೆ. ಅಂಗಳದವರಿಗೆ ಇನ್ನೂ ಎರಡು ಕಾಟ ಉಂಟು, ನವಿಲು ಮತ್ತು ಹೆಗ್ಗಣ. ನವಿಲಿಗೆ ಎಳೆ ಚಿಗುರು ಅಂದರೆ ಪ್ರಾಣ. ಬಲೆ ಹಾಕುವುದು ಬಿಟ್ಟರೆ ಬೇರೆ ದಾರಿ ನನಗೆ ಸಿಕ್ಕಿಲ್ಲ. ಈ ಒಂದು ವಿಷಯದಲ್ಲಿ ಅಕ್ಕನ ನಾಲ್ಕನೇ ಮಹಡಿಯನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತೇನೆ.

ಎಲ್ಲಿ ತಗೊಳ್ಳುವುದು

ಮೇ ಫ್ಲವರ್, ಕೆಂಪು ಅಮರಿಲ್ಲಿಸ್, ರೈನ್ ಲಿಲ್ಲಿಗೆ ದುಡ್ಡು ಕೊಡಬೇಡಿ. ಪಕ್ಕದ ಮನೆಯಲ್ಲಿ ಕೇಳಿ, ಕಿತ್ತು ಎಸೆಯುವಷ್ಟು ಇರುತ್ತದೆ. ಜನವರಿಯಲ್ಲಿ ಕದ್ರಿ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಆಗುವಾಗ ನರ್ಸರಿಯವರ ಮಳಿಗೆಗಳಲ್ಲಿ ಗಡ್ಡೆ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬಹುದು. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹೆಬ್ಬೆರಳಿನಿಂದ ಬುಡ ಒತ್ತಿದರೆ ಗಟ್ಟಿ ಇರಬೇಕು. ಬೂಸ್ಟು ಹಿಡಿದದ್ದು, ಬೇರು ಹೊರಡುವ ಬುಡದ ತಟ್ಟೆ ಒಡೆದದ್ದು ಬೇಡ. ಆನ್‌ಲೈನ್‌ನಲ್ಲಿ ನೀಲಿ ಅಮರಿಲ್ಲಿಸ್, ಏಳು ಬಣ್ಣದ ರೈನ್ ಲಿಲ್ಲಿ ಅಂತ ಫೋಟೊ ಕಂಡರೆ ಮುಂದೆ ಹೋಗಿ. ನಾನು ತರಿಸಿದ "ನೀಲಿ" ಎರಡು ವರ್ಷ ಕಾಯಿಸಿ ಕೆಂಪು ಹೂ ಬಿಟ್ಟಿತು, ಅದೇ ಬಾವಿಕಟ್ಟೆಯ ಕೆಂಪು.

ಕೆಲಾಡಿಯಮ್, ಸುಗಂಧರಾಜದ ಗಡ್ಡೆ ಕಿತ್ತು ಇಡುವುದಾದರೆ ನೆರಳಲ್ಲಿ ಒಂದು ವಾರ ಒಣಗಿಸಿ, ಪೇಪರಿನಲ್ಲಿ ಸುತ್ತಿ ಅಥವಾ ಒಣ ಹೊಯಿಗೆಯಲ್ಲಿ ಹೂತು ಗಾಳಿಯಾಡುವ ಬುಟ್ಟಿಯಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತದೆ. ಬುಟ್ಟಿಗೆ ಹೆಸರು, ತಿಂಗಳು ಬರೆದು ಚೀಟಿ ಅಂಟಿಸಿ. ನಮ್ಮ ಮನೆಯಲ್ಲಿ ಅದರ ಕೆಳಗೆ "ನೀರುಳ್ಳಿ ಅಲ್ಲ" ಅಂತಲೂ ಬರೆದಿರುತ್ತದೆ, ಅಮ್ಮ ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ.